ನಲವತ್ತೆರಡನೇ ಸೀರೆ

ಕೊರೊನಾ ಕಳೆದು ಮೂರನೇ ವರ್ಷ. ಆಗ ನಾನು ಮಕ್ತಲ್‌ನ ಒಂದು ಬ್ಯಾಂಕ್ ಶಾಖೆಯಲ್ಲಿ ಉಪವ್ಯವಸ್ಥಾಪಕಿಯಾಗಿದ್ದೆ. ಮನೆ ನಾರಾಯಣಪೇಟೆಯಲ್ಲಿ. ದಿನಾ ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ನಿವೃತ್ತಿಗೆ ಇನ್ನು ನಾಲ್ಕು ವರ್ಷ ಬಾಕಿ ಇತ್ತು. ಕ್ರೆಡಿಟ್ ಕಾರ್ಡಿನ ದೂರುಗಳನ್ನು ನೋಡುವ ಕೆಲಸ ಶಾಖೆಯಲ್ಲಿ ಬೇರೆ ಯಾರಿಗೂ ಬೇಡವಾಗಿದ್ದರಿಂದ ಅದು ನನ್ನ ಪಾಲಿಗೆ ಬಂದಿತ್ತು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳಿಗೆ ದೂರಿನ ವಿಭಾಗ ಕೊಡಬಾರದು ಎಂದು ನಮ್ಮ ಮ್ಯಾನೇಜರ್ ನಗುತ್ತ ಹೇಳುತ್ತಿದ್ದರು, ಆದರೂ ಕೊಟ್ಟರು.

ಈ ದೂರುಗಳಲ್ಲಿ ಹತ್ತಕ್ಕೆ ಎಂಟು ಮರೆವಿನವು. ತಾವೇ ಪೆಟ್ರೋಲ್ ಹಾಕಿಸಿ ಮರೆತವರು, ಮಗ ಫೋನಿನಲ್ಲಿ ಆಟ ಕೊಂಡದ್ದು ತಿಳಿಯದವರು. ಸ್ಟೇಟ್‌ಮೆಂಟ್ ತೆಗೆದು ಸಾಲುಸಾಲಾಗಿ ಓದಿಸಿದರೆ ಅವರೇ ನಾಲಿಗೆ ಕಚ್ಚಿಕೊಂಡು ಎದ್ದು ಹೋಗುತ್ತಾರೆ. ಮಹಾದೇವಮ್ಮ ಬಂದ ದಿನವೂ ನಾನು ಹಾಗೆಯೇ ಅಂದುಕೊಂಡಿದ್ದೆ.

ಮಹಾದೇವಮ್ಮನಿಗೆ ಮಕ್ತಲ್‌ನ ಬಸ್ ನಿಲ್ದಾಣದ ಹತ್ತಿರ ಸಣ್ಣ ಸೀರೆ ಅಂಗಡಿ. ತಾನೂ ಸೇರಿ ಐದು ಜನ ಹೆಂಗಸರ ಒಂದು ಗುಂಪು ಕಟ್ಟಿಕೊಂಡಿದ್ದಳು. ಮೂವರು ನಾರಾಯಣಪೇಟೆ ಸೀರೆಯವರು, ಇಬ್ಬರು ಗದ್ವಾಲ್ ಸೀರೆಯವರು. ನೇಯುವುದು ಅವರವರ ಮನೆಯಲ್ಲಿ, ಮಾರುವುದು ಒಟ್ಟಿಗೆ. ಆ ವರ್ಷ ದೀಪಾವಳಿಗೆ ಮುಂಚೆ ಪುಣೆಯ ಒಂದು ಕೈಮಗ್ಗ ಮೇಳಕ್ಕೆ ಹೋಗಿದ್ದರು. ಕೃಷ್ಣಾ ಸ್ಟೇಷನ್ನಿನಲ್ಲಿ ರೈಲು ಹತ್ತಿ, ಎಂಟು ದಿನದ ಮಟ್ಟಿಗೆ ಒಂದು ಮನೆ ಬಾಡಿಗೆಗೆ ಹಿಡಿದು ಇಳಿದುಕೊಂಡಿದ್ದರು. ಬಾಡಿಗೆಯನ್ನು ಮೊದಲೇ ಮಹಾದೇವಮ್ಮನ ಕಾರ್ಡಿನಿಂದ ಕಟ್ಟಿಯಾಗಿತ್ತು. ವ್ಯಾಪಾರ ಚೆನ್ನಾಗಿಯೇ ಆಗಿ, ನಗುನಗುತ್ತ ಊರಿಗೆ ಬಂದಿದ್ದರು.

ಬಂದ ಹನ್ನೊಂದನೆಯ ದಿನ ಅವಳ ಫೋನಿಗೆ ಮೆಸೇಜು ಬಂತು. ಕಾರ್ಡಿನಿಂದ ಅರವತ್ತನಾಲ್ಕು ಸಾವಿರದ ಎಂಟುನೂರು ರೂಪಾಯಿ ಹೋಗಿತ್ತು. ಮರುದಿನ ಶಾಖೆಯ ಬಾಗಿಲು ತೆರೆಯುವ ಮೊದಲೇ ಅವಳು ಮೆಟ್ಟಿಲ ಮೇಲೆ ಕುಳಿತಿದ್ದಳು.

"ಮೇಡಂ, ನಾ ಏನೂ ತಗೊಂಡಿಲ್ರಿ. ರೊಕ್ಕ ಮಾತ್ರ ಹೋಗೇತಿ."

"ಯಾರಿಗೆ ಹೋಗೇತಿ, ಗೊತ್ತೈತೇನು?"

"ಪುಣೆದಾಗ ಇಳಕೊಂಡಿದ್ವಲ್ರಿ, ಆ ಮನಿ ಮಾಲಕಗ. ಫೋನ್ ಮಾಡಿ ಕೇಳಿದ್ನಿ. ಗಾಜಿನ ಮೇಜು ಒಡದೀರಿ, ಅದರ ರೊಕ್ಕ ಅಂದ. ಫೋನ್ ಇಟ್ಟ."

"ಒಡದೀರೇನು?"

"ದೇವರಾಣಿ ಇಲ್ರಿ."

ಮೊದಲು ಕಾರ್ಡನ್ನು ಬ್ಲಾಕ್ ಮಾಡಿಸಿದೆ. ಆಮೇಲೆ ಕೇಳಿದೆ, ಒಟಿಪಿ ಯಾರಿಗಾದರೂ ಹೇಳಿದ್ದೀಯಾ ಎಂದು. ಇಲ್ಲ ಎಂದಳು. ಒಟಿಪಿ ಇಲ್ಲದೆ ಹಣ ಹೇಗೆ ಹೋಯಿತು? ಅವಳಿಗೆ ಮೊದಲಿನಿಂದ ಹೇಳು ಎಂದೆ. ಪುಣೆಯ ಆ ಮನೆಗೆ ಹೋದ ದಿನ ಮಾಲೀಕ ಗುರುತಿನ ಕಾರ್ಡು ಕೇಳಿದ್ದ. ಇವಳು ಆಧಾರ್ ಕೊಟ್ಟಿದ್ದಳು. ಇನ್ನೊಂದು ಕಾರ್ಡು ಇದ್ದರೆ ಕೊಡಿ ಎಂದ. ಇವಳು ಪರ್ಸಿನಿಂದ ಕ್ರೆಡಿಟ್ ಕಾರ್ಡನ್ನೇ ತೆಗೆದುಕೊಟ್ಟಳು. ಅವನು ಮುಂದೆ ಹಿಂದೆ ಎರಡೂ ಬದಿ ಫೋಟೊ ಹೊಡೆದುಕೊಂಡ. ನಮ್ಮ ಕಡೆ ಜನ ಹೀಗೆಯೇ. ನಿಜಾಮನ ಕಾಲದಿಂದ ಕಚೇರಿಯವರು ಕೈ ಚಾಚಿದರೆ ಇದ್ದ ಕಾಗದವನ್ನೆಲ್ಲ ತೆಗೆದುಕೊಟ್ಟು ಅಭ್ಯಾಸ. ಕೇಳಿದವನು ಇಸ್ತ್ರಿ ಅಂಗಿ ಹಾಕಿದ್ದರಂತೂ ಮುಗಿದೇ ಹೋಯಿತು.

ದೇಶದೊಳಗಿನ ಆನ್‌ಲೈನ್ ವಹಿವಾಟಿಗೆ ಒಟಿಪಿ ಬೇಕು. ಹೊರದೇಶದ ಪೇಮೆಂಟ್ ಗೇಟ್‌ವೇ ಮೂಲಕ ಬಂದ ವಹಿವಾಟಿಗೆ ಎಷ್ಟೋ ಸಲ ಕಾರ್ಡಿನ ನಂಬರು, ಅವಧಿ, ಹಿಂಬದಿಯ ಮೂರು ಅಂಕಿ ಸಾಕು. ಮಾಲೀಕ ಬಳಸಿದ್ದು ಅದೇ ದಾರಿ. ಆದರೆ ಆ ದಾರಿ ತೆರೆದಿರಬೇಕಾದರೆ ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಬಳಕೆಯ ಸೌಲಭ್ಯ ಚಾಲೂ ಇರಬೇಕು. ಕಂಪ್ಯೂಟರಿನಲ್ಲಿ ಅವಳ ಹಳೆಯ ಅರ್ಜಿ ತೆಗೆದು ನೋಡಿದೆ. ಚಾಲೂ ಮಾಡಿಸಿದ್ದು ನಾನೇ. ದುಬೈನಲ್ಲಿರುವ ಯಾರೋ ಸೀರೆ ಕೇಳಿದ್ದಾರೆ ಎಂದು ಅವಳು ಖುಷಿಯಿಂದ ಹೇಳಿದಾಗ, ಇರಲಿ ಎಂದು ನಾನೇ ಆ ಚೌಕದಲ್ಲಿ ಗುರುತು ಹಾಕಿಸಿದ್ದೆ. ಹೊರಗಿನಿಂದ ಹಣ ಬರಲು ಅದು ಬೇಕೇ ಇರಲಿಲ್ಲ. ಉಪಕಾರ ಮಾಡಲು ಹೋಗಿ ಕದ ತೆರೆದಿಟ್ಟಿದ್ದೆ. ಇದನ್ನು ಅವಳಿಗೆ ಅಂದೇ ಹೇಳಿಬಿಟ್ಟೆ. ಅವಳು ಸಿಟ್ಟಾಗಲಿಲ್ಲ, ಅದು ನನಗೆ ಇನ್ನೂ ಕಷ್ಟವಾಯಿತು.

ಚಾರ್ಜ್‌ಬ್ಯಾಕ್ ಅರ್ಜಿ ಹಾಕಿದೆವು. ಚಾರ್ಜ್‌ಬ್ಯಾಕ್ ಎಂದರೆ ಹೋದ ಹಣವನ್ನು ಹಿಂದಕ್ಕೆ ಎಳೆಯುವುದು. ಗ್ರಾಹಕರ ಪರವಾಗಿ ನಮ್ಮ ಬ್ಯಾಂಕು ವ್ಯಾಪಾರಿಯ ಬ್ಯಾಂಕಿನಿಂದ ಹಣ ವಾಪಸ್ ಕೇಳುತ್ತದೆ. ವ್ಯಾಪಾರಿ ಒಪ್ಪದಿದ್ದರೆ ತನ್ನ ದಾಖಲೆ ಕೊಡುತ್ತಾನೆ. ಯಾರ ದಾಖಲೆ ಗಟ್ಟಿಯೋ ಹಣ ಅವರದು. ತಕರಾರು ನಡೆಯುತ್ತಿರುವಷ್ಟು ದಿನ ಅವಳು ಆ ಮೊತ್ತ ಕಟ್ಟಬೇಕಾಗಿರಲಿಲ್ಲ. ಹಾಗಾಗಿ ಅವಸರವಿಲ್ಲ ಎಂದು ನಾನು ನಿಶ್ಚಿಂತೆಯಾಗಿದ್ದೆ.

ಅವಸರ ಇದ್ದದ್ದು ಬೇರೆ ಕಡೆ. ಸುದ್ದಿ ಗುಂಪಿನಲ್ಲಿ ಹರಡಿತ್ತು. ಮೇಜು ಒಡೆದಿದೆ ಎಂದಾದರೆ ಒಡೆದವರು ಯಾರು ಎಂದು ಒಬ್ಬರ ಮುಖ ಒಬ್ಬರು ನೋಡತೊಡಗಿದ್ದರು. ಊರಿಗೆ ಹೊರಟ ದಿನ ನಾಲ್ವರು ಕಡೆಯ ಒಂದು ಚೀಲ ಬಿಟ್ಟು ಗಂಟುಗಳನ್ನೆಲ್ಲ ಟೆಂಪೊಗೆ ಹಾಕಿಕೊಂಡು ಮೊದಲೇ ಸ್ಟೇಷನ್ನಿಗೆ ಹೋಗಿದ್ದರು. ಬೀಗದ ಕೈ ಕೊಟ್ಟು ಬರಲು ಹಿಂದೆ ಉಳಿದವಳು ಮಹಾದೇವಮ್ಮ ಒಬ್ಬಳೇ. ಗದ್ವಾಲ್‌ನ ಭಾಗಮ್ಮ, ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳು, ಮಾತು ಕತ್ತರಿಸಿದಂತೆ ಆಡುವವಳು, ಫೋನಿನಲ್ಲೇ ಹೇಳಿಬಿಟ್ಟಿದ್ದಳಂತೆ: "ಕಡೀಕ ಮನ್ಯಾಗ ಇದ್ದಾಕಿ ನೀನ. ಒಡದಿದ್ರ ಒಡದೀನಿ ಅನ್ನು. ಮುಚ್ಚಿಡೋರ ಕೂಡ ನಾ ವ್ಯಾಪಾರ ಮಾಡಂಗಿಲ್ಲ." ಹೊಸ ವರ್ಷದಿಂದ ತನ್ನ ಸೀರೆ ತಾನೇ ಮಾರಿಕೊಳ್ಳುತ್ತೇನೆ ಎಂದೂ ಹೇಳಿದ್ದಳು. ಅವಳು ಹೋದರೆ ಇನ್ನೊಬ್ಬ ಗದ್ವಾಲ್‌ನವಳೂ ಹೋಗುತ್ತಾಳೆ, ಆಮೇಲೆ ಗುಂಪು ಉಳಿಯುವುದಿಲ್ಲ. ಮಹಾದೇವಮ್ಮ ಇದನ್ನು ಹೇಳುವಾಗ ಕಣ್ಣೀರು ಹಾಕಲಿಲ್ಲ. ಕೌಂಟರಿನ ಮೇಲಿದ್ದ ಪೆನ್ನಿನ ದಾರವನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತಿದ್ದಳು. ಅರವತ್ತನಾಲ್ಕು ಸಾವಿರವನ್ನು ಅವಳು ಹೇಗಾದರೂ ದುಡಿದಾಳು, ಆರು ವರ್ಷ ಕಟ್ಟಿದ ಗುಂಪನ್ನು ಮತ್ತೆ ಕಟ್ಟಲಾರಳು ಎಂದು ನನಗೆ ಅಂದು ಅರ್ಥವಾಯಿತು.

ಐದು ವಾರಗಳ ಮೇಲೆ ಮಾಲೀಕನ ಉತ್ತರ ಬಂತು. ಚೆನ್ನಾಗಿ ಜೋಡಿಸಿದ ಉತ್ತರ. ಬಾಡಿಗೆಯ ಜಾಲತಾಣದಲ್ಲಿ ಮನೆ ಹಿಡಿಯುವಾಗ ಒಪ್ಪಿದ ನಿಯಮಗಳ ಪ್ರತಿ, ಅದರಲ್ಲಿ ಹಾನಿಯಾದರೆ ವೆಚ್ಚ ವಸೂಲಿ ಮಾಡಲಾಗುವುದು ಎಂಬ ಸಾಲು. ಮುರಿದ ಗಾಜಿನ ಫೋಟೊ. ಹೊಸ ಮೇಜಿನ ಬಿಲ್ಲು. ಜೊತೆಗೊಂದು ಹೇಳಿಕೆ: ಹೊರಡುವ ಹಿಂದಿನ ರಾತ್ರಿ ಹೆಂಗಸರು ಇಸ್ತ್ರಿಪೆಟ್ಟಿಗೆ ಬೀಳಿಸಿ ಗಾಜು ಒಡೆದರು, ಸಪ್ಪಳ ಕಾವಲುಗಾರನಿಗೆ ಕೇಳಿದೆ, ಬೆಳಿಗ್ಗೆ ಹೇಳದೆ ಹೊರಟುಹೋದರು.

ಇಂಥ ತಕರಾರು ತೀರ್ಮಾನಿಸುವ ನಮ್ಮ ಕಾರ್ಡು ಕೇಂದ್ರದವರು ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ದಾಖಲೆ ಮೇಲ್ನೋಟಕ್ಕೆ ಸರಿಯಾಗಿದೆ, ಹತ್ತು ದಿನದೊಳಗೆ ವಿರುದ್ಧ ಸಾಕ್ಷ್ಯ ಕೊಡದಿದ್ದರೆ ವ್ಯಾಪಾರಿಯ ಪರವಾಗಿ ಮುಗಿಸಲಾಗುವುದು ಎಂದು ಬರೆದರು. ಬರೆದದ್ದು ಮಹಾದೇವಮ್ಮನ ಇಮೇಲಿಗೆ. ಅದನ್ನು ಅವಳು ಓದುವವಳಲ್ಲ. ನನಗೆ ಗೊತ್ತಾಗುವ ಹೊತ್ತಿಗೆ ಆರು ದಿನ ಕಳೆದುಹೋಗಿತ್ತು.

ಹಾನಿಯ ಹೆಸರಿನಲ್ಲಿ ಕಾರ್ಡಿಗೆ ಕೈ ಹಾಕುವ ಮೊದಲು ಆ ಮೊತ್ತವನ್ನು ಗ್ರಾಹಕರಿಗೆ ತಿಳಿಸಿ ಪ್ರತ್ಯೇಕ ಒಪ್ಪಿಗೆ ಪಡೆಯಬೇಕು ಎಂದು ನಾನು ವಾದ ಬರೆದಿಟ್ಟಿದ್ದೆ. ಆದರೆ ಮುರಿದ ಗಾಜಿನ ಫೋಟೊ ಎದುರಿಗಿದ್ದರೆ ನಿಯಮದ ಮಾತು ತಪ್ಪಿಸಿಕೊಳ್ಳುವವರ ಮಾತಿನಂತೆ ಕಾಣುತ್ತದೆ. ಹಣ ಬಂದರೂ ಒಡೆದವಳು ಎಂಬ ಹೆಸರು ಉಳಿಯುತ್ತದೆ. ನಮ್ಮ ಮ್ಯಾನೇಜರ್ ಗುಂಟೂರಿನವರು, ಒಳ್ಳೆಯ ಮನುಷ್ಯ. ಫೈಲ್ ನೋಡಿ "ವದಿಲೇಯಂಡಿ ಮೇಡಂ" ಎಂದರು. ಬಿಟ್ಟುಬಿಡಿ ಎಂದರ್ಥ. ಬಿಟ್ಟುಬಿಡಿ ಎಂದರೆ ಹಿಡಿಯುವುದು ನನ್ನ ಹುಟ್ಟುಗುಣ.

ಅಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ನಡೆದುಕೊಂಡೇ ಮಹಾದೇವಮ್ಮನ ಅಂಗಡಿಗೆ ಹೋದೆ. ಮಾಲೀಕನ ಫೋಟೊ ತೋರಿಸಿದೆ. ಗಾಜಿನ ಕೆಳಗೆ ಹಿತ್ತಾಳೆಯ ಕಾಲು, ಕಾಲಿನ ತುದಿಗೆ ಆನೆಯ ಮುಖ, ಹಿಂದಿನ ಗೋಡೆಗೆ ನೀಲಿ ಹೂವಿನ ಟೈಲ್ಸು. "ಇದ ಮೇಜು ಹೌದ್ರಿ, ಆದ್ರ ಗಾಜು ಬರಾಬರಿ ಇತ್ತು," ಎಂದಳು.

"ಹೊರಡೋ ದಿನ ಮನಿ ಫೋಟೊ ಏನರ ತೆಗದೀರೇನು?"

"ಇಲ್ರಿ," ಎಂದವಳು ಎದ್ದು, ಮಡಿಸಿಟ್ಟ ಸೀರೆಯನ್ನೇ ಮತ್ತೆ ಬಿಚ್ಚಿ ಮಡಿಸತೊಡಗಿದಳು.

ಮೂವತ್ತು ವರ್ಷ ಕೌಂಟರಿನ ಈಚೆ ಕುಳಿತವಳಿಗೆ ಅಷ್ಟು ಸಾಕು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ನಾನು ದಿನಾ ನೋಡುತ್ತೇನೆ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೂ ಅನುಮಾನ ಬಂತು. ಗಾಜು ಒಡೆದದ್ದು ಇವಳೇ ಇರಬಹುದೇ ಎಂದು. ಎದ್ದು ಹೋಗಿಬಿಡೋಣ ಎನಿಸಿತು.

ಹೋಗಲಿಲ್ಲ. ನಿಮ್ಮ ಪುಣೆಯ ಮೇಳದ ಫೋಟೊಗಳನ್ನಾದರೂ ತೋರಿಸು ಎಂದೆ. ಅವರ ಗುಂಪಿನ ವಾಟ್ಸಾಪ್ ತೆರೆದುಕೊಟ್ಟಳು. ಈ ಗುಂಪಿಗೆ ಒಂದು ಪದ್ಧತಿ ಇತ್ತು. ಕೈಮಗ್ಗದ ಸೀರೆ ಒಂದಿದ್ದ ಹಾಗೆ ಇನ್ನೊಂದು ಇರುವುದಿಲ್ಲ. ಹಾಗಾಗಿ ಯಾವ ಸೀರೆ ಕೈಬಿಟ್ಟು ಹೋಗುವ ಮೊದಲೂ ಸೆರಗು ಹರಡಿ, ಮೇಲೊಂದು ಚೀಟಿ ಇಟ್ಟು ಫೋಟೊ ತೆಗೆಯಲೇಬೇಕು. ಚೀಟಿಯ ಮೇಲೆ ಸೀರೆ ಹೋದ ಸರದಿಯ ನಂಬರು, ನೇಯ್ದವಳ ಹೆಸರು. ಫೋಟೊದಲ್ಲಿ ಸೀರೆ ಇರಬೇಕೇ ಹೊರತು ಜನರ ಮುಖ ಇರಬಾರದು. ಆ ಫೋಟೊ ಗುಂಪಿಗೆ ಹೋದರೆ ಅದು ಹೋಯಿತು ಎಂದು ನೇಯ್ದವಳಿಗೆ ಗೊತ್ತಾಗುತ್ತದೆ. ನಾನು ಒಂದೊಂದೇ ಸರಿಸುತ್ತ ಹೋದೆ. ಮೂವತ್ತೊಂಬತ್ತು. ನಲವತ್ತು. ನಲವತ್ತೊಂದು. ಊರಿಗೆ ಬಂದ ಮೇಲೆ ಹೋದ ನಲವತ್ತಮೂರು.

"ನಲವತ್ತೆರಡು ಎಲ್ಲೈತಿ, ಮಹಾದೇವಮ್ಮ?"

ಅವಳು ಸೀರೆ ಮಡಿಸುವುದನ್ನು ನಿಲ್ಲಿಸಿದಳು. ಆಮೇಲೆ ಹೇಳಿದಳು.

ಉಳಿದವರೆಲ್ಲ ಸ್ಟೇಷನ್ನಿಗೆ ಹೋದ ಮೇಲೆ ಬೀಗದ ಕೈ ತೆಗೆದುಕೊಳ್ಳಲು ಮಾಲೀಕನ ಹೆಂಡತಿ ಬಂದಳಂತೆ. ಎಂಟು ದಿನ ತನ್ನ ಮನೆಯಲ್ಲಿದ್ದ ಮುತ್ತೈದೆ ಬರಿಗೈಯಲ್ಲಿ ಹೋಗಬಾರದು ಎಂದು ಇವಳನ್ನು ಕೂರಿಸಿ, ಕುಂಕುಮ ಹಚ್ಚಿ, ಅಕ್ಕಿ ತೆಂಗಿನಕಾಯಿ ಹಾಕಿ ಉಡಿ ತುಂಬಿದಳಂತೆ. ಆ ಕಡೆಯೂ ಅದೇ ಪದ್ಧತಿ. ಮಹಾದೇವಮ್ಮನಿಗೆ ತವರು ಎಂಬುದಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಅವಳ ಉಡಿ ತುಂಬಿದವರು ಯಾರೂ ಇರಲಿಲ್ಲ.

"ನನ್ನ ಕೈಯಾಗ ಏನೂ ಇರಲಿಲ್ರಿ ಮೇಡಂ. ಕಡೀ ಚೀಲದಾಗ ಮ್ಯಾಲ ಇದ್ದ ಸೀರಿ ತಗದು ಕೊಟ್ಟುಬಿಟ್ನಿ. ಅದು ಭಾಗಮ್ಮಂದು. ಪುಕ್ಕಟೆ ಒಂದು ಸೀರೀನೂ ಕೊಡಬಾರದು ಅಂತ ಗುಂಪಿನ ಕಾಯ್ದೆ ಐತಿ. ಮಾಡಿದಾಕಿ ನಾನ, ಮುರದಾಕಿನೂ ನಾನ."

"ಕೊಡೋ ಮೊದಲ ಫೋಟೊ?"

"ತಗದೀನ್ರಿ. ತಗೀಲಾರದ ಕೈ ಬಿಡಂಗಿಲ್ಲಲ್ರಿ. ಗುಂಪಿಗೆ ಹಾಕಿಲ್ಲ ಅಷ್ಟ. ರೊಕ್ಕ ಕೂಡಿಸಿ, ಮಾರೇತಿ ಅಂತ ಹೇಳಿ ಕೊಡೂಣು ಅಂದಕೊಂಡಿದ್ನಿ."

ಅವಳು ಫೋನಿನ ಒಳಗಿನಿಂದ ಆ ಫೋಟೊ ತೆಗೆದಳು. ಬಿಳಿ ಹತ್ತಿಯ ಒಡಲಿಗೆ ಕೆಂಪು ರೇಷ್ಮೆಯ ಅಂಚು, ಅಗಲವಾಗಿ ಹರಡಿದ ಸೆರಗು, ಮೇಲೆ ನಲವತ್ತೆರಡರ ಚೀಟಿ. ಸೀರೆಯನ್ನು ಹರಡಿದ್ದು ಅದೇ ಗಾಜಿನ ಮೇಜಿನ ಮೇಲೆ. ಗಾಜು ಅಂಚಿನಿಂದ ಅಂಚಿನವರೆಗೆ ಇಡಿಯಾಗಿತ್ತು, ಕಿಟಕಿಯ ಬೆಳಕು ಅದರಲ್ಲಿ ಕಾಣುತ್ತಿತ್ತು. ಕೆಳಗೆ ಆನೆಯ ಮುಖ, ಹಿಂದೆ ನೀಲಿ ಹೂವಿನ ಟೈಲ್ಸು. ಗಾಜಿನ ಮೇಲೆ ನಾಲ್ಕಾರು ಅಕ್ಕಿ ಕಾಳು, ಪಕ್ಕದಲ್ಲಿ ಹಸಿರು ಬಳೆಯ ಒಂದು ಕೈ. ವಿವರ ತೆರೆದು ನೋಡಿದೆ. ಹೊರಟ ದಿನದ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಹಿಂದಿನ ರಾತ್ರಿ ಒಡೆದ ಗಾಜು ಮರುದಿನ ಬೆಳಿಗ್ಗೆ ಕೂಡಿಕೊಂಡು ಸೀರೆ ಹೊತ್ತು ಕುಳಿತಿತ್ತು.

ಈಗಲೇ ಕಳಿಸೋಣ ಎಂದೆ. ಮಹಾದೇವಮ್ಮ ಫೋನನ್ನು ಎದೆಗೆ ಒತ್ತಿಕೊಂಡಳು.

"ಆಕಿ ಸೀರಿ ಮೇಡಂ. ಆಕೀಗೆ ಹೇಳಲಾರದ ನಿಮಗ ಹೆಂಗ ಕೊಡ್ಲಿ?"

ನನಗೆ ಸಿಟ್ಟು ನೆತ್ತಿಗೇರಿತು. ಉಳಿದಿರುವುದು ನಾಲ್ಕು ದಿನ, ಅದರಲ್ಲೊಂದು ಭಾನುವಾರ. ಫೋನಿನಲ್ಲಿ ಹೇಳು ಎಂದರೆ ಕೇಳಲಿಲ್ಲ, ತಪ್ಪನ್ನು ಮುಖ ನೋಡಿಯೇ ಹೇಳಬೇಕು ಎಂದಳು. ಕೊನೆಗೆ ಭಾನುವಾರ ನಾನೂ ಅವಳ ಜೊತೆ ಗದ್ವಾಲ್ ಬಸ್ಸು ಹತ್ತಿದೆ. ಬ್ಯಾಂಕಿನ ಯಾವ ಸುತ್ತೋಲೆಯಲ್ಲೂ ಇಂಥ ಪ್ರಯಾಣಕ್ಕೆ ಭತ್ಯೆ ಇಲ್ಲ. ಜೂರಾಲ ಆಣೆಕಟ್ಟು ದಾಟುವಾಗ ಅವಳು ನೀರನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ.

ಭಾಗಮ್ಮ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದಳು. ನಮ್ಮನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ. ಮಹಾದೇವಮ್ಮ ನಿಂತೇ ಎಲ್ಲ ಹೇಳಿದಳು. ಉಡಿ, ಸೀರೆ, ಮುಚ್ಚಿಟ್ಟ ಫೋಟೊ, ಏನೂ ಬಿಡಲಿಲ್ಲ. ನಡುವೆ ಯಾವಾಗಲೋ ಮಗ್ಗದ ಸಪ್ಪಳ ನಿಂತಿತ್ತು. ಭಾಗಮ್ಮ ಫೋನು ಇಸಿದುಕೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಗಾಜನ್ನಲ್ಲ, ಸೀರೆಯನ್ನು.

"ನನ್ನ ಸೀರಿ ನನ್ನ ಕೇಳಲಾರದ ಕೊಟ್ಟಿ," ಎಂದಳು.

"ಹೌದಕ್ಕ."

"ಕೇಳಿದ್ರ ಬ್ಯಾಡ ಅಂತಿದ್ನಿ." ಫೋನು ವಾಪಸ್ ಕೊಡುತ್ತ ಮತ್ತೆ ಹೇಳಿದಳು. "ಛಲೋ ಆತು, ಕೇಳಲಿಲ್ಲ. ಈ ಸೀರಿನ ಈಗ ನಮ್ಮ ಮಾನ ಮುಚ್ಚೂದು."

ಮಹಾದೇವಮ್ಮ ಆಗ ಅತ್ತಳು. ನಾನೂ ಕಣ್ಣೊರೆಸಿಕೊಂಡೆ. ಭಾಗಮ್ಮ ಮಾತ್ರ, "ಅಳೂದು ಆಮ್ಯಾಲ, ಮೊದಲ ಮೇಡಮ್ಮಾರಿಗೆ ಚಾ ಇಡು," ಎಂದು ಅವಳನ್ನು ಒಳಗೆ ಅಟ್ಟಿದಳು.

ಸೋಮವಾರ ಉತ್ತರ ಸಿದ್ಧಪಡಿಸಿದೆ. ವಾಟ್ಸಾಪಿನಲ್ಲಿ ಕಳಿಸಿದ ಫೋಟೊದಿಂದ ತೆಗೆದ ದಿನ, ಗಂಟೆಯ ವಿವರ ಅಳಿಸಿಹೋಗುತ್ತದೆ. ಅದಕ್ಕೆ ಮೂಲ ಫೈಲನ್ನೇ ಕೇಬಲ್ ಹಾಕಿ ಇಳಿಸಿಕೊಂಡೆ. ಅದರ ಪಕ್ಕ ಮಾಲೀಕನದೇ ಫೋಟೊ ಇಟ್ಟು ಮೇಜಿನ ಕಾಲು, ಟೈಲ್ಸು ಎರಡಕ್ಕೂ ಗುರುತು ಹಾಕಿದೆ. ಹಿಂದಿನ ರಾತ್ರಿ ಒಡೆಯಿತು ಎಂಬ ಅವನ ಹೇಳಿಕೆಗೆ ಅಡಿಗೆರೆ ಎಳೆದೆ. ಪ್ರತ್ಯೇಕ ಒಪ್ಪಿಗೆಯ ನಿಯಮವನ್ನು ಕೊನೆಗೆ ಸೇರಿಸಿದೆ. ಮಹಾದೇವಮ್ಮ ಒಂದೇ ಶರತ್ತು ಹಾಕಿದ್ದಳು: "ಉಡಿ ತುಂಬಿದಾಕಿ ಹೆಸರು ಕಾಗದದಾಗ ಬರಬಾರದ್ರಿ. ಆಕೀಗೆ ಇದು ಗೊತ್ತಿರಾಕಿಲ್ಲ." ಗೊತ್ತಿತ್ತೋ ಇಲ್ಲವೋ ನನಗೆ ತಿಳಿಯದು. ಮಾಲೀಕರ ಕಡೆಯವರೊಬ್ಬರ ಸಮ್ಮುಖದಲ್ಲಿ ಎಂದಷ್ಟೇ ಬರೆದೆ. ಗಡುವಿಗೆ ಒಂದು ದಿನ ಮುಂಚೆ ಅದು ಕಾರ್ಡು ಕೇಂದ್ರ ತಲುಪಿತು.

ಮಾಲೀಕನ ಕಡೆಯಿಂದ ಉತ್ತರವೇ ಬರಲಿಲ್ಲ. ಅವರಿಗೆ ಕೊಟ್ಟ ಕಾಲಾವಕಾಶ ಮುಗಿದ ಮರುದಿನ ಪ್ರಕರಣ ಗ್ರಾಹಕರ ಪರವಾಗಿ ಮುಗಿಯಿತು. ಅರವತ್ತನಾಲ್ಕು ಸಾವಿರದ ಎಂಟುನೂರು ರೂಪಾಯಿ, ಒಂದು ರೂಪಾಯಿ ಕಡಿಮೆ ಇಲ್ಲದೆ, ಅವಳ ಕಾರ್ಡಿಗೆ ಜಮೆಯಾಯಿತು. ನಮ್ಮ ಮ್ಯಾನೇಜರ್ ಶಾಖೆಗೆಲ್ಲ ಮೈಸೂರುಪಾಕು ತರಿಸಿದರು. ಬಿಟ್ಟುಬಿಡಿ ಎಂದವರು ತಾವೇ ಎಂಬುದನ್ನು ನಾನು ಪ್ರತಿ ತುಂಡಿಗೂ ನೆನಪಿಸಿದೆ. ಆ ಕಾರ್ಡಿನ ಅಂತರರಾಷ್ಟ್ರೀಯ ಬಳಕೆಯನ್ನು ನನ್ನ ಕೈಯಾರೆ ಬಂದ್ ಮಾಡಿಸಿದೆ. ಅಂದಿನಿಂದ ಮಹಾದೇವಮ್ಮ ಯಾರಾದರೂ ಕಾರ್ಡು ಕೇಳಿದರೆ ಯಾವ ಕಾರ್ಡು, ಯಾತಕ್ಕ ಎಂದು ಎರಡು ಸಲ ಕೇಳುತ್ತಾಳಂತೆ, ನಾನು ಕೇಳಿದಾಗಲೂ ಕೇಳಿದಳು.

ಈ ಪ್ರಕರಣ ಕಲಿಸಿದ್ದನ್ನು ಆಮೇಲೆ ಶಾಖೆಗೆ ಬಂದ ಹೊಸಬರಿಗೆಲ್ಲ ಹೇಳಿದ್ದೇನೆ. ಎದುರಿಗಿದ್ದವರು ಮುಖ ತಿರುಗಿಸಿದರೆ ಕಳ್ಳತನವೇ ಮುಚ್ಚಿಟ್ಟಿದ್ದಾರೆ ಎಂದು ಫೈಲ್ ಮುಚ್ಚಬೇಡಿ. ಕೊಟ್ಟದ್ದನ್ನು ಮುಚ್ಚಿಡುವವರೂ ಇದ್ದಾರೆ. ಇನ್ನೊಂದು ಪ್ರಶ್ನೆ ಕೇಳಿ. ನಾನು ಅಂದು ಎದ್ದು ಬಂದಿದ್ದರೆ ನಿಯಮದ ಪ್ರಕಾರ ನನ್ನ ತಪ್ಪೇನೂ ಇರುತ್ತಿರಲಿಲ್ಲ.

ಜಮೆಯಾದ ದಿನ ಸಂಜೆ ಬಸ್ಸಿನಲ್ಲಿ ನಾರಾಯಣಪೇಟೆಗೆ ಹೋಗುತ್ತಿದ್ದಾಗ ಮಹಾದೇವಮ್ಮ ಒಂದು ಫೋಟೊ ಕಳಿಸಿದಳು, ಅವರ ಗುಂಪಿನ ವಾಟ್ಸಾಪಿನದು. ನಲವತ್ತೆರಡನೇ ಸೀರೆ ಕೊನೆಗೂ ಅಲ್ಲಿ ಬಂದಿತ್ತು. ಪ್ರತಿ ಸೀರೆಯ ಕೆಳಗೂ ಎಷ್ಟಕ್ಕೆ ಹೋಯಿತು ಎಂದು ನೇಯ್ದವಳೇ ಬರೆಯುವುದು ಅವರ ರೂಢಿ. ಇದರ ಕೆಳಗೆ ಭಾಗಮ್ಮ ಬರೆದಿದ್ದಳು: "ನಾನ ಕೊಟ್ಟೀನಿ."